ತೆರಿಗೆ ಬದಲಾದರೂ ಅಲುಗಾಡದ ಬಿಲ್ಲಿಂಗ್ ತಂತ್ರಾಂಶ: ವಿನ್ಯಾಸ ಹೇಗಿರಬೇಕು?

ಪ್ರಶ್ನೆ (ಉಡುಪಿ)

ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಒದಗಿಸುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಾಗ, ಪರದೆ, ಮುದ್ರಣ, ತಿಂಗಳ ವರದಿ ಹೀಗೆ ಕೋಡಿನ ಹಲವು ಕಡೆ ಬರೆದಿಟ್ಟಿದ್ದ 12ನ್ನು ಹುಡುಕಿ ತಿದ್ದುವುದರಲ್ಲಿ ಮೂರು ರಾತ್ರಿ ಕಳೆದವು. ಎಲ್ಲ ಮುಗಿಯಿತೆಂದುಕೊಂಡಾಗ, ಅಂಗಡಿಯವರೊಬ್ಬರು ಆಗಸ್ಟ್ ತಿಂಗಳ ಬಿಲ್ಲೊಂದನ್ನು ಮತ್ತೆ ಮುದ್ರಿಸಿದರು, ಅದರಲ್ಲಿಯೂ ಶೇ. 5 ಎಂದೇ ಬಂತು. ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಯುವುದೊಂದೇ ದಾರಿಯೇ?

ಉತ್ತರ (ಕದ್ರಿ, ಮಂಗಳೂರು)

ಹೊಸದಾಗಿ ಬರೆಯುವ ಅಗತ್ಯವಿಲ್ಲ. ಗಣಕ ವಿಜ್ಞಾನಿ ಡೇವಿಡ್ ಪಾರ್ನಾಸ್ ಅವರು 1972ರ ತಮ್ಮ ಪ್ರಬಂಧದಲ್ಲಿ, ಕೆಲಸ ನಡೆಯುವ ಕ್ರಮವನ್ನು ನೋಡಿಕೊಂಡು ಪ್ರೋಗ್ರಾಮನ್ನು ವಿಭಾಗಿಸುವ ಬದಲು, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕೆಂದು ವಾದಿಸಿದ್ದರು. ನಿಮ್ಮ ತಂತ್ರಾಂಶವನ್ನು ಪರದೆ, ಮುದ್ರಣ, ವರದಿ ಎಂದು ಕ್ರಮಕ್ಕೆ ತಕ್ಕಂತೆ ಭಾಗ ಮಾಡಿದ್ದರಿಂದಲೇ ತೆರಿಗೆಯ ದರ ಮೂರೂ ಕಡೆ ಹರಡಿಕೊಂಡಿದೆ. ಸರಕು, ದರ, ಜಾರಿಗೆ ಬಂದ ದಿನಾಂಕ ಈ ಮೂರನ್ನು ಒಂದು ಟೇಬಲ್ಲಿನಲ್ಲಿಟ್ಟು, ಮಾರಾಟದ ದಿನಾಂಕ ಕೊಟ್ಟರೆ ದರ ಹೇಳುವ ಒಂದೇ ಫಂಕ್ಷನ್ ಬರೆಯಿರಿ. ಇದಕ್ಕಿಂತಲೂ ಮುಖ್ಯವಾಗಿ, ಬಿಲ್ಲಿನ ಪ್ರತಿ ಸಾಲಿನಲ್ಲೂ ಅಂದು ವಿಧಿಸಿದ ದರವನ್ನೂ ತೆರಿಗೆಯ ಮೊತ್ತವನ್ನೂ ಉಳಿಸಿಡಿ. ಬಿಲ್ಲು ಎಂದರೆ ನಡೆದುಹೋದ ವ್ಯವಹಾರದ ದಾಖಲೆ; ಅದನ್ನು ಇಂದಿನ ದರದಿಂದ ಮತ್ತೆ ಲೆಕ್ಕ ಹಾಕಲೇಬಾರದು.

ಉತ್ತರ (ಜೆಪ್ಪು, ಮಂಗಳೂರು)

ಮೇಲಿನ ಮಾತು ಸರಿ, ಆದರೆ ಒಂದು ಎಚ್ಚರಿಕೆ ಬೇಕು. ನಾವು ಹಿಂದೊಮ್ಮೆ ಅತ್ಯುತ್ಸಾಹದಿಂದ, ತೆರಿಗೆಯ 12 ಮತ್ತು ಪೆಟ್ಟಿಗೆಯಲ್ಲಿರುವ ಡಬ್ಬಿಗಳ 12 ಎರಡನ್ನೂ ಒಂದೇ ಸ್ಥಿರಾಂಕದಿಂದ (ಕೋಡಿನಲ್ಲಿ ಹೆಸರು ಕೊಟ್ಟು ಒಂದೆಡೆ ಬರೆದಿಟ್ಟ ಅಂಕಿ) ಓದುವಂತೆ ಮಾಡಿದ್ದೆವು. ದರ ಬದಲಾದ ದಿನ ಪೆಟ್ಟಿಗೆಗೆ ಐದೇ ಡಬ್ಬಿ ಎಂದು ದಾಸ್ತಾನು ತೋರಿಸಿತು. ಬೇರೆ ಬೇರೆ ಕಾರಣಗಳಿಂದ ಬದಲಾಗುವವು ಇಂದು ಒಂದೇ ಅಂಕಿಯಾಗಿದ್ದರೂ ಬೇರೆಯಾಗಿಯೇ ಇರಬೇಕು.

ದರದಂತೆ ಹೆಸರುಗಳೂ ಬದಲಾಗುತ್ತವೆ. 2014ರ ನವೆಂಬರ್ 1ರಂದು ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ಊರಿನ ಹೆಸರನ್ನೇ ಪ್ರೈಮರಿ ಕೀ (ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಗುರುತು) ಮಾಡಿಕೊಂಡಿದ್ದ ನಮ್ಮ ಹಳೆಯ ಡೇಟಾಬೇಸಿನಲ್ಲಿ ಒಂದೇ ಊರು ಎರಡಾಗಿ, ಗ್ರಾಹಕರ ಬಾಕಿಯೂ ಎರಡು ಪಾಲಾಯಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ಬಿಲ್ಲುಗಳಲ್ಲಿ ದರವನ್ನು ಉಳಿಸಿಯೇ ಇರಲಿಲ್ಲ. ಆದ್ದರಿಂದ ಮೊದಲು ಬ್ಯಾಕಪ್ಪಿನಿಂದ ಹಳೆಯ ಕೋಡನ್ನು ತೆಗೆದು, ಸೆಪ್ಟೆಂಬರ್ 22ಕ್ಕೆ ಹಿಂದಿನ ಪ್ರತಿ ಸಾಲಿಗೂ ಆಗಿನ ದರ ತುಂಬಿಸುತ್ತೇವೆ. ಟೇಬಲ್ಲಿನ ಕೆಲಸ ಅದರ ನಂತರ.