ಬಾಯಾರು ಮಾವನಿಗೆ, ಗಲ್ಲು ಶಿಕ್ಷೆಯ ವಿಷಯಕ್ಕೆ

ಬಾಯಾರು ಮಾವ, ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ ಮೆಸೇಜನ್ನು ಎರಡು ಸಲ ಓದಿದೆ. ಹೆಣ್ಣುಮಕ್ಕಳನ್ನು ಹಿಂಸಿಸಿ ಕೊಂದವರನ್ನು ಮೂರು ತಿಂಗಳೊಳಗೆ ಗಲ್ಲಿಗೆ ಹಾಕಬೇಕು, ಅಂಥವರನ್ನು ಜೈಲಿನಲ್ಲಿ ಕೂರಿಸಿ ಅನ್ನ ಹಾಕುವುದು ಯಾಕೆ ಎಂದು ಕೇಳಿದ್ದೀರಿ. ಕೆಳಗೆ ಗೋವಿಂದಚಾಮಿಯ ಫೋಟೋ. ನೀರ್ಚಾಲು ಅತ್ತೆ, ಪುತ್ತೂರಿನ ಅಣ್ಣ, ಎಲ್ಲರೂ ಹೌದು ಹೌದು ಎಂದಿದ್ದಾರೆ. ನನಗೆ ಒಪ್ಪಲು ಆಗುವುದಿಲ್ಲ ಮಾವ. ಒಂದೇ ಸಾಲಿನಲ್ಲಿ ಹೇಳಿ ಬಿಟ್ಟರೆ ದೊಡ್ಡವರಿಗೆ ಎದುರು ಮಾತಾಡಿದ ಹಾಗಾಗುತ್ತದೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕೊಟ್ಟಿಗೆ ಕೆಲಸ ಮುಗಿದ ಮೇಲೆ ಕೇಳಿ.

ಮೊದಲು ಗೋವಿಂದಚಾಮಿಯ ವಿಷಯ. 2011ರಲ್ಲಿ ಶೊರ್ನೂರಿಗೆ ಹೋಗುವ ರೈಲಿನಲ್ಲಿದ್ದ ಹುಡುಗಿಯ ಮೇಲೆ ಅವನು ಅತ್ಯಾಚಾರ ಮಾಡಿದ್ದನ್ನು, ಅವಳು ಸತ್ತದ್ದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಮನೆಗೆ ಹೊರಟ ಮಗು ಅದು. ಕೆಳಗಿನ ಕೋರ್ಟು ಗಲ್ಲು ಕೊಟ್ಟಿತು, ಹೈಕೋರ್ಟು ಸರಿ ಎಂದಿತು, 2016ರಲ್ಲಿ ಸುಪ್ರೀಂ ಕೋರ್ಟು ಗಲ್ಲು ತೆಗೆದು ಜೀವಾವಧಿ ಉಳಿಸಿತು. 2025ರ ಜುಲೈ 25ರಂದು ಬೆಳಗಾಗುವ ಮೊದಲು ಅವನು ಕಣ್ಣೂರು ಸೆಂಟ್ರಲ್ ಜೈಲಿನಿಂದ ತಪ್ಪಿಸಿಕೊಂಡ. ನಾನೂ ಹೆದರಿದೆ. ನನ್ನ ಮಗಳು ಹಾಸ್ಟೆಲಿನಿಂದ ಬರುವ ದಾರಿಯೇ ಅದು. ಅವತ್ತೇ ಒಂದು ಬಾವಿಯೊಳಗೆ ಸಿಕ್ಕಿದ. ಜೈಲಿನಲ್ಲಿ ಸರಿಯಾಗಿ ಕಾಯದೇ ಇದ್ದದ್ದು ದೊಡ್ಡ ತಪ್ಪು, ಅದಕ್ಕೆ ಉತ್ತರ ಕೊಡಬೇಕಾದವರು ಕೊಡಲಿ. ಆದರೆ ಕಾವಲು ಸರಿ ಇಲ್ಲ ಎನ್ನುವುದು ಒಬ್ಬನನ್ನು ಕೊಲ್ಲಲು ಕಾರಣ ಆಗುವುದಿಲ್ಲ.

ಅದೇ ಜುಲೈಯಲ್ಲಿ ಒಂಬತ್ತು ದಿನ ಹಿಂದೆ ಹೋಗಿ ಮಾವ. ಗ್ರೂಪಿನಲ್ಲಿ ಮೇಲೆ ಸರಿಸಿದರೆ ಈಗಲೂ ಸಿಗುತ್ತದೆ, ನಾನು ಇವತ್ತು ಬೆಳಗ್ಗೆ ನೋಡಿದೆ. ಯೆಮನ್ ಜೈಲಿನಲ್ಲಿದ್ದ ಪಾಲಕ್ಕಾಡಿನ ನರ್ಸ್‌ಗೆ ಜುಲೈ 16ರಂದು ಮರಣದಂಡನೆ ಎಂದು ದಿನ ಗೊತ್ತಾಗಿತ್ತು. ನೀವು ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡಿದ್ದಿರಿ. ಅತ್ತೆ ರಾತ್ರಿ ನಿದ್ದೆಯೇ ಬರಲಿಲ್ಲ ಎಂದು ಬರೆದಿದ್ದರು. ಕೇರಳದ ಮುಸ್ಲಿಂ ಧರ್ಮಗುರು ಕಾಂತಪುರಂ ಅಬೂಬಕರ್ ಮುಸ್ಲಿಯಾರರು ಯೆಮನ್‌ನ ಧರ್ಮಗುರುಗಳ ಹತ್ತಿರ ಮಾತಾಡಿದ ಸುದ್ದಿಯನ್ನೂ, ದಿನ ಮುಂದೆ ಹೋದ ಸುದ್ದಿಯನ್ನೂ ಮೊದಲು ಹಾಕಿದ್ದು ನೀವೇ. ಅವಳ ಮೇಲಿದ್ದದ್ದೂ ಕೊಲೆಯ ಕೇಸೇ ಅಲ್ವಾ? ಸತ್ತವನ ಅಣ್ಣತಮ್ಮಂದಿರ ನೋವೂ ಸುಳ್ಳಲ್ಲ. ಆದರೂ ನಾವೆಲ್ಲ ಅವಳು ಬದುಕಲಿ ಎಂದು ಬೇಡಿಕೊಂಡೆವು. ಅವಳ ಅಮ್ಮನ ಮುಖ ಟಿವಿಯಲ್ಲಿ ನೋಡಿದ್ದೆವು. ಅವಳು ಅಲ್ಲಿಗೆ ಯಾಕೆ ಹೋದಳು, ಅಲ್ಲಿ ಏನೇನಾಯಿತು ಎಂದು ಕೂತು ಕೇಳಿದ್ದೆವು. ಒಬ್ಬರ ಬಗ್ಗೆ ಅಷ್ಟು ತಿಳಿದ ಮೇಲೆ ಸಾಯಲಿ ಎನ್ನಲು ಬಾಯಿ ಬರುವುದಿಲ್ಲ.

2024ರಲ್ಲೂ ಹಾಗೆಯೇ. ಸೌದಿಯಲ್ಲಿ ತಲೆ ಹೋಗಲಿದ್ದ ಕಲ್ಲಿಕೋಟೆ ಕಡೆಯವರೊಬ್ಬರನ್ನು ಉಳಿಸಲು, ಸತ್ತವನ ಮನೆಯವರಿಗೆ ಪರಿಹಾರ ಕೊಡಲೆಂದು 34 ಕೋಟಿ ರೂಪಾಯಿ ಒಟ್ಟಾಯಿತು. ನಮ್ಮ ಪೇಟೆಯ ಆಟೋದವರು ಒಂದು ದಿನದ ಬಾಡಿಗೆ ಪೂರಾ ಕೊಟ್ಟರು. ನೀವೂ ಗೂಗಲ್ ಪೇ ಮಾಡಿದ್ದೀರಿ, ಎಷ್ಟು ಎಂದು ಹೇಳಲಿಲ್ಲ ಅಷ್ಟೇ. ನಿಮ್ಮದು ಕಲ್ಲು ಮನಸ್ಸು ಅಲ್ಲ ಎಂದು ನನಗೆ ಗೊತ್ತಿರುವುದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಹೆದರಿಕೆ ಏನೆಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ರಿಪ್ಪರ್ ಚಂದ್ರನ ಕಾಲ ನಿಮಗೂ ನೆನಪಿದೆ. 1985ರ ಸುಮಾರು, ನಾನು ಎಂಟು ವರ್ಷದವಳು. ರಾತ್ರಿ ಮನೆಗೆ ನುಗ್ಗಿ ಮಲಗಿದವರ ತಲೆಗೆ ಹೊಡೆದು ಕೊಲ್ಲುತ್ತಾನೆ ಎಂದು ಊರಿಡೀ ಮಾತು. ನಾವು ಹನ್ನೊಂದು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅಜ್ಜಿ ಬಾಗಿಲಿಗೆ ಒನಕೆ ಅಡ್ಡ ಕೊಡುತ್ತಿದ್ದರು. ಅದಕ್ಕೆ ತಾಗಿಸಿ ಒಂದು ಹಿತ್ತಾಳೆ ಚೆಂಬು, ಬಾಗಿಲು ಅಲ್ಲಾಡಿದರೆ ಬಿದ್ದು ಸದ್ದಾಗಲಿ ಎಂದು. ಆ ಚೆಂಬಿನ ಸದ್ದಿಗೆ ಕಿವಿ ಕೊಟ್ಟು ನಾನು ಎಷ್ಟೋ ರಾತ್ರಿ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದೆ. ಅವನು ಸಿಕ್ಕಿಬಿದ್ದ ಸುದ್ದಿ ಬಂತಲ್ಲ, ಆ ರಾತ್ರಿ ಅಜ್ಜಿ ಒನಕೆಯನ್ನು ಪುನಃ ಅಡಿಗೆಕೋಣೆಯ ಮೂಲೆಗೆ ಇಟ್ಟರು. ಕಣ್ಣೂರಿನಲ್ಲಿ ಅವನನ್ನು ನೇಣಿಗೆ ಹಾಕಿದ್ದು 1991ರಲ್ಲಿ. ಅಷ್ಟರಲ್ಲಿ ನಾವು ಬಾಗಿಲಿಗೆ ಒನಕೆ ಕೊಡುವುದು ಬಿಟ್ಟು ವರ್ಷಗಳೇ ಆಗಿದ್ದವು. ನಮ್ಮ ಹೆದರಿಕೆ ಹೋದದ್ದು ಪೊಲೀಸರು ಅವನನ್ನು ಹಿಡಿದದ್ದರಿಂದ ಮಾವ, ಹಗ್ಗದಿಂದ ಅಲ್ಲ. ಕೇರಳದಲ್ಲಿ ಆಮೇಲೆ ಯಾರನ್ನೂ ನೇಣಿಗೆ ಹಾಕಿಲ್ಲ.

ಅದೇ ಕಣ್ಣೂರು ಜೈಲಿನಲ್ಲೇ 1943ರ ಮಾರ್ಚ್ 29ರಂದು ನಮ್ಮ ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು ನೇಣಿಗೆ ಹಾಕಿದ್ದರು. ಐದನೆಯವನಿಗೆ ಪ್ರಾಯ ಆಗಿರಲಿಲ್ಲ, ಹಾಗಾಗಿ ಉಳಿದ. ಅವತ್ತಿನ ಸರ್ಕಾರದ ಲೆಕ್ಕದಲ್ಲಿ ಅವರು ಪೊಲೀಸನನ್ನು ಕೊಂದವರು. ಇವತ್ತು ಅವರಿಗೆ ಊರಿನಲ್ಲಿ ಸ್ಮಾರಕ ಇದೆ. ಶಿಕ್ಷೆ ಕೊಟ್ಟವರಿಗೆ ಅವತ್ತು ಯಾವ ಸಂಶಯವೂ ಇರಲಿಲ್ಲ.

ಈಗ ನಮ್ಮ ಮನೆಯ ಒಂದು ವಿಷಯ. ಇದನ್ನು ಗ್ರೂಪಿನಲ್ಲಿ ಯಾವತ್ತೂ ಹೇಳಿಲ್ಲ, ಅಪ್ಪ ಇರುವಾಗ ಹೇಳುವುದು ಬೇಡ ಎಂದಿದ್ದೆ.

2003ರಲ್ಲಿ ನಮ್ಮ ಅಂಗಳದಿಂದ ಮೂರು ಗೋಣಿ ಒಣಗಿದ ಅಡಿಕೆ ಕಳವಾಯಿತು. ರಾತ್ರಿ ನಾಯಿ ಬೊಗಳಿತೆಂದು ಅಪ್ಪ ಟಾರ್ಚ್ ಹಿಡಿದು ಜಗಲಿಗೆ ಬಂದಾಗ ತೋಟದ ಕಡೆಗೆ ಒಬ್ಬ ಇಳಿದು ಹೋದ. ಮರುದಿನ ಸ್ಟೇಷನ್ನಿನಲ್ಲಿ ಅಪ್ಪ ಹೇಳಿದ್ದು ಇಷ್ಟು: ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗನನ್ನು ಕಂಡ ಹಾಗಾಯಿತು, ಕತ್ತಲೆ, ಸರಿ ಗೊತ್ತಾಗಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಬರೆದುಕೊಂಡವರಿಗೆ ಕನ್ನಡ ಅಷ್ಟಕ್ಕಷ್ಟೆ. ಕೆಟ್ಟವರಲ್ಲ, ಅಪ್ಪನಿಗೆ ಕೂರಲು ಕುರ್ಚಿ ಕೊಟ್ಟಿದ್ದರು. ಬರೆದದ್ದು ಮಲಯಾಳದಲ್ಲಿ. ಅದನ್ನು ಬೇಗ ಬೇಗ ಓದಿ ಹೇಳಿದರು, ಅಪ್ಪ ತಲೆ ಅಲ್ಲಾಡಿಸಿ ಸಹಿ ಹಾಕಿದರು. ಅದರ ಪ್ರತಿ ನನ್ನ ಕೈಗೆ ಸಿಕ್ಕಿದ್ದು ಮೂರು ದಿನದ ನಂತರ. ಮೇಲಿಂದ ಕೆಳಗಿನವರೆಗೆ ಮಲಯಾಳ, ಕೊನೆಗೆ ಅಪ್ಪನ ದುಂಡು ಕನ್ನಡ ಸಹಿ. ‘ಕಂಡ ಪೋಲೆ’ ಎಂದಿರಬೇಕಾದಲ್ಲಿ ಬರೀ ‘ಕಂಡು’ ಎಂದಿತ್ತು. ಕಂಡ ಹಾಗಾಯಿತು ಎಂದದ್ದು ಕಂಡೆ ಎಂದಾಗಿತ್ತು. ಕತ್ತಲೆ ಎನ್ನುವ ಮಾತೇ ಇರಲಿಲ್ಲ.

ಆ ಒಂದು ‘ಹಾಗೆ’ ಬಿಟ್ಟುಹೋದದ್ದಕ್ಕೆ ಹುಡುಗ 14 ದಿನ ರಿಮಾಂಡಿನಲ್ಲಿದ್ದ. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅವನ ಅಮ್ಮ ಬಂದು ನಮ್ಮ ಅಂಗಳದಲ್ಲಿ ಕೂತರು. ಬೈಯಲಿಲ್ಲ, ಅಳಲೂ ಇಲ್ಲ, ಸುಮ್ನೆ ಕೂತು ಎದ್ದು ಹೋದರು. ಆಮೇಲೆ ಅಡಿಕೆ ಅಂಗಡಿಯಲ್ಲಿ ಗೋಣಿಯ ಮೇಲೆ ಅಮ್ಮ ಕೆಂಪು ನೂಲಿನಲ್ಲಿ ಹಾಕಿದ್ದ ಗುರುತು ನೋಡಿ ಕಳ್ಳರು ಸಿಕ್ಕಿದರು, ಬೇರೆ ಇಬ್ಬರು.

ನಾವು ಕಾಸರಗೋಡಿನ ಕನ್ನಡದವರು ಮಾವ. ನಾವು ಹೇಳುವುದು ಒಂದು, ಕಾಗದದಲ್ಲಿ ಬರುವುದು ಇನ್ನೊಂದು ಎನ್ನುವುದು ನಮಗಿಂತ ಜಾಸ್ತಿ ಯಾರಿಗೆ ಗೊತ್ತು? ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರು ಸರಿಯಾಗಲು ಎಷ್ಟು ಸಲ ಅಲೆದಿರಿ ನೀವು! ಒಬ್ಬನಿಗೆ ಗಲ್ಲು ಆಗುವುದೂ ಅಂಥ ಕಾಗದಗಳ ಮೇಲೆಯೇ. ಯಾರೋ ಹೇಳಿದ್ದು, ಯಾರೋ ಬರೆದದ್ದು, ಯಾರೋ ಓದಿದ್ದು.

ಅಡಿಕೆ ಕಳವು ಸಣ್ಣ ಕೇಸು, ದೊಡ್ಡ ಕೋರ್ಟಿನಲ್ಲಿ ಹಾಗೆ ಆಗುವುದಿಲ್ಲ ಎನ್ನುತ್ತೀರಿ. ಆಗಿದೆ ಮಾವ. ಅದೇ 2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ಒಂದೇ ಮನೆಯ ಐದು ಜನರ ಕೊಲೆಯಾಯಿತು, ಹೆಂಗಸರ ಮೇಲೆ ಅತ್ಯಾಚಾರವೂ ಆಯಿತು. ಅಲೆಮಾರಿ ಜನಾಂಗದ ಆರು ಬಡವರನ್ನು ಹಿಡಿದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಎಂದಿತು. ಹೈಕೋರ್ಟು ಮೂವರಿಗೆ ಜೀವಾವಧಿ ಕೊಟ್ಟಿತ್ತು, ಅವರಿಗೂ ಗಲ್ಲಾಯಿತು. ಆಮೇಲೆ 2019ರಲ್ಲಿ ಅದೇ ಸುಪ್ರೀಂ ಕೋರ್ಟು ಪುನಃ ಎಲ್ಲವನ್ನೂ ನೋಡಿ ಆರೂ ಜನ ನಿರಪರಾಧಿಗಳು ಎಂದು ಬಿಟ್ಟಿತು. ಬದುಕಿ ಉಳಿದ ಹೆಂಗಸು ಪೊಲೀಸರ ಆಲ್ಬಮ್ಮಿನಲ್ಲಿ ಬೇರೆ ನಾಲ್ವರನ್ನು ತೋರಿಸಿದ್ದರು. ಅವರ ಮೇಲೆ ಕೇಸೇ ಆಗಿರಲಿಲ್ಲ. ಇವರು 16 ವರ್ಷ ಒಳಗಿದ್ದರು. ಒಬ್ಬನಂತೂ ಘಟನೆ ಆಗುವಾಗ ಪ್ರಾಯಕ್ಕೆ ಬಂದಿರಲಿಲ್ಲ. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಕೋರ್ಟು ಹೇಳಿತು. ನೀವು ಹೇಳಿದ ಹಾಗೆ ಮೂರು ತಿಂಗಳಲ್ಲಿ ಮುಗಿಸಿದ್ದರೆ ಆ ದುಡ್ಡನ್ನು ಯಾರ ಕೈಗೆ ಕೊಡುವುದು? ತಡ ಆಯಿತು ಎಂದು ನಮಗೆಲ್ಲ ಸಿಟ್ಟು ಬರುತ್ತದೆ. ಆ ಆರು ಜನ ಬದುಕಿದ್ದು ಆ ತಡದಿಂದಲೇ.

ನಿನ್ನ ಮಗಳಿಗೇ ಹಾಗೆ ಆಗಿದ್ದರೆ ಎಂದು ನೀವು ಕೇಳುತ್ತೀರಿ, ಗೊತ್ತು. ಸುಳ್ಳು ಹೇಳುವುದಿಲ್ಲ. ನಾನು ಕತ್ತಿ ಹಿಡಿದು ಹೋಗುತ್ತಿದ್ದೆ. ಅವನು ಹೌದೋ ಅಲ್ಲವೋ ಎಂದೂ ನೋಡುತ್ತಿರಲಿಲ್ಲ. ಅವತ್ತು ನನ್ನ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದವರು ನೀವೇ ಅಲ್ವಾ ಮಾವ? ಕೋರ್ಟು ಮಾಡಬೇಕಾದದ್ದೂ ಅದೇ ಕೆಲಸ. ಮಗಳನ್ನು ಕಳೆದುಕೊಂಡ ಅಪ್ಪ ಅಮ್ಮ ಗಲ್ಲು ಬೇಕು ಎಂದರೆ ಅವರ ಎದುರು ನಾನು ತಲೆ ತಗ್ಗಿಸುತ್ತೇನೆ, ವಾದ ಮಾಡುವುದಿಲ್ಲ. ಆದರೆ ಚಾವಡಿಯಲ್ಲಿ ಕೂತು ಫೋನ್ ನೋಡುವ ನಾವು ಅವರ ಸಿಟ್ಟನ್ನು ಸಾಲ ತೆಗೆದುಕೊಳ್ಳಬಾರದು.

ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತ ಶ್ರದ್ಧಾನಂದನ ಕೇಸು ನೆನಪಿದೆಯಲ್ಲ? 2008ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಗಲ್ಲು ಬೇಡ, ಉಸಿರಿರುವ ತನಕ ಬಿಡುಗಡೆಯೂ ಬೇಡ ಎಂದಿತು. ನನ್ನ ಪ್ರಕಾರ ಅದು ಸರಿಯಾದ ತೀರ್ಪು. ಗಲ್ಲು ಕೊಡುವುದಾದರೆ ಅಪರೂಪದಲ್ಲೇ ಅಪರೂಪದ ಕೇಸಿಗೆ ಮಾತ್ರ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆದರೆ ಒಬ್ಬ ಜಡ್ಜ್‌ಗೆ ಅಪರೂಪ ಅನ್ನಿಸಿದ್ದು ಇನ್ನೊಬ್ಬರಿಗೆ ಅನ್ನಿಸುವುದಿಲ್ಲ. ನಾಸಿಕ್‌ನ ಆ ಮೂವರ ಕಥೆಯಲ್ಲೇ ಅದು ಕಾಣುತ್ತದೆ.

ಅನ್ನದ ಖರ್ಚು ಎಂದಿರಿ. ಒಳಗಿರುವವರು ಕೆಲಸ ಮಾಡುತ್ತಾರೆ ಮಾವ. ಕಣ್ಣೂರಿಗೆ ಹೋದಾಗ ನೀವೇ ಜೈಲಿನ ಚಪಾತಿ ಕಟ್ಟಿಸಿಕೊಂಡು ಬಂದು, ಎಷ್ಟು ಮೆತ್ತಗೆ ಇದೆ ನೋಡು ಎಂದು ನನ್ನ ಬಟ್ಟಲಿಗೆ ಹಾಕಿದ್ದಿರಿ.

ಮುಂಬೈ ದಾಳಿಯ ಕಸಬ್‌ನ ವಿಷಯಕ್ಕೆ ಮಾತ್ರ ನನಗೆ ಈಗಲೂ ಮನಸ್ಸು ಹೊಯ್ದಾಡುತ್ತದೆ. 2015ರಲ್ಲಿ ಕಾನೂನು ಆಯೋಗ ಗಲ್ಲು ಶಿಕ್ಷೆ ನಿಲ್ಲಿಸಿ ಎಂದು ವರದಿ ಕೊಟ್ಟಾಗಲೂ ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧದ ಕೇಸುಗಳನ್ನು ಹೊರಗಿಟ್ಟಿತ್ತು. ಮುಂಬೈಯಲ್ಲಿ ಸತ್ತವರನ್ನು ನೆನೆಯುವಾಗ ನನ್ನ ಬಾಯಿ ಕಟ್ಟುತ್ತದೆ. ಆದರೂ ಯಾರನ್ನಾದರೂ ನೇಣಿಗೆ ಹಾಕಿದ ಸುದ್ದಿಗೆ ನಮ್ಮ ಗ್ರೂಪಿನಲ್ಲಿ ಪಟಾಕಿಯ ಚಿತ್ರ ಬರುವುದು ನನಗೆ ಬೇಡ.

ಆ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ಅವನು ಹೊರಗೆ ಬಂದ ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋದರು. ಯಾರ ಮುಂದೆಯೂ ಬಗ್ಗದ ಅಪ್ಪ, ನಿಮಗೆ ಗೊತ್ತಲ್ಲ. ಒಳಗೆ ಹೋಗಲಿಲ್ಲ, ಮೆಟ್ಟಿಲ ಹತ್ತಿರ ನಿಂತು ಅವನ ಎರಡೂ ಕೈ ಹಿಡಿದು, ನನ್ನಿಂದ ತಪ್ಪಾಯಿತು ಮಗಾ ಎಂದರು. ಅವನು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಆಕಾಶ ನೋಡಿ, ಮಳೆ ಬರುವ ಹಾಗಿದೆ ಅಣ್ಣೇರೇ, ಅಂಗಳದ ಅಡಿಕೆ ಒಳಗೆ ಹಾಕಿದ್ದೀರಾ ಎಂದು ಕೇಳಿದ.

ನೀವು ಅವನನ್ನು ನೋಡಿದ್ದೀರಿ ಮಾವ. ಕಳೆದ ಮಳೆಗಾಲದಲ್ಲಿ ನಿಮ್ಮ ತೋಟಕ್ಕೆ ಮದ್ದು ಬಿಡಲು ನಾನು ಕಳಿಸಿದ್ದು ಅವನನ್ನೇ.