ಪದಚರ್ಚೆ: ರೋಮನ್ ನಾಣ್ಯಗಳ ವಿಷಯದಲ್ಲಿ ‘ಖೋಟಾ’, ‘ನಕಲಿ’, ‘ಅನುಕರಣೆ’

ಮಾನ್ಯರೆ,

ಪ್ರಾಚೀನ ರೋಮನ್ ನಾಣ್ಯಗಳನ್ನು ಕೊಳ್ಳಲು ಹೊರಡುವ ಹವ್ಯಾಸಿಗಳಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಪದಗಳಿಗೆ ಬಹುಮಟ್ಟಿಗೆ ಕೊರತೆ ಕಂಡಿಲ್ಲ. ನಾಣ್ಯ ಹುಟ್ಟುವ ಜಾಗಕ್ಕೆ ಟಂಕಸಾಲೆಯೂ ಇದೆ, ಬಸವಣ್ಣನವರ ವಚನದಿಂದಾಗಿ ಎಲ್ಲರ ಕಿವಿಗೂ ಬಿದ್ದಿರುವ ಕಮ್ಮಟವೂ ಇದೆ. ಅಚ್ಚು, ಎರಕ, ಒರೆ, ಸವಕಲು ಇವೆಲ್ಲ ಬಳಕೆಯಲ್ಲಿರುವ ಮಾತುಗಳೇ. ತೊಡಕು ಬಂದಿರುವುದು ಮೋಸದ ನಾಣ್ಯಗಳನ್ನು ಹೆಸರಿಸುವಲ್ಲಿ. ಖೋಟಾ, ನಕಲಿ, ಕಳ್ಳನಾಣ್ಯ ಎಂಬ ಪದಗಳನ್ನು ನಾವು ಭೇದವೆಣಿಸದೆ ಬಳಸುತ್ತೇವೆ. ದಿನಬಳಕೆಯಲ್ಲಿ ಅದರಿಂದ ಬಾಧಕವಿಲ್ಲ, ಆದರೆ ಸಾವಿರಾರು ರೂಪಾಯಿ ಕೊಟ್ಟು ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೊಂದನ್ನು ಕೊಳ್ಳುವವನಿಗೆ ಇವು ಬೇರೆ ಬೇರೆಯಾಗಿ ತಿಳಿಯಲೇಬೇಕು.

ಮೊದಲನೆಯದು ರೋಮನರ ಕಾಲದಲ್ಲೇ ಆದ ಮೋಸ. ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಕ್ರಿ.ಪೂ. 211ರ ಸುಮಾರಿಗೆ ಚಲಾವಣೆಗೆ ಬಂದ ಸ್ವಲ್ಪ ಕಾಲಕ್ಕೇ ತಾಮ್ರದ ಬಿಲ್ಲೆಗೆ ತೆಳುವಾದ ಬೆಳ್ಳಿ ತಗಡನ್ನು ಸುತ್ತಿ, ಕಾಯಿಸಿ, ಅಚ್ಚಿನ ನಡುವೆ ಇಟ್ಟು ಹೊಡೆದ ನಾಣ್ಯಗಳೂ ಕಾಣಿಸಿಕೊಂಡವು. ಇವನ್ನು ಒರೆಗಲ್ಲಿಗೆ ಉಜ್ಜಿದರೆ ಪ್ರಯೋಜನವಿಲ್ಲ, ಏಕೆಂದರೆ ಮೇಲ್ಪದರ ನಿಜವಾದ ಬೆಳ್ಳಿಯೇ. ತೂಕ ನೋಡಬೇಕು, ಇಲ್ಲವೇ ಕಚ್ಚು ಹಾಕಿ ಒಳಗೆ ನೋಡಬೇಕು; ಆ ಕಾಲದವರು ಮಾಡುತ್ತಿದ್ದುದೂ ಅದನ್ನೇ, ಆದುದರಿಂದ ಹಳೆಯ ದಿನಾರಿಯಸ್‌ಗಳ ಮೇಲೆ ಇಂತಹ ಕಚ್ಚುಗಳು ಕಂಡುಬರುತ್ತವೆ. ಇವು ಇಂದು ಬೆಲೆಯಿಲ್ಲದ ವಸ್ತುಗಳೇನೂ ಅಲ್ಲ, ಇವನ್ನೇ ಅರಸಿ ಸಂಗ್ರಹಿಸುವವರಿದ್ದಾರೆ. ಆ ಚಟವೂ ಹೊಸದಲ್ಲ: ಖೋಟಾ ದಿನಾರಿಯಸ್ಸಿನ ಮಾದರಿಯೊಂದಕ್ಕೆ ಜನ ಹಲವು ಅಸಲಿ ದಿನಾರಿಯಸ್‌ಗಳನ್ನು ಕೊಡುತ್ತಾರೆ ಎಂದು ಒಂದನೆಯ ಶತಮಾನದಲ್ಲೇ ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ.

ಈ ಬಗೆಗೆ ‘ಗಿಲೀಟು ನಾಣ್ಯ’ ಎಂದು ಬರೆಯಬಹುದೆಂದು ಒಬ್ಬ ಮಿತ್ರರು ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಿಲ್ಲ. ಗಿಲೀಟು ಎಂದೊಡನೆ ಚಿನ್ನದ ನೀರು ಕುಡಿಸಿದ ಒಡವೆ ಕಣ್ಣಮುಂದೆ ಬರುತ್ತದೆ, ಇಲ್ಲಿರುವುದಾದರೋ ಸುತ್ತಿ ಬೆಸೆದ ತಗಡು. ದೇವಸ್ಥಾನಗಳಲ್ಲಿ ಕಲ್ಲಿನ ಮೂರ್ತಿಗೆ ತೊಡಿಸುವ ಬೆಳ್ಳಿ ಕವಚವನ್ನು ನೆನೆದು ‘ಕವಚ ನಾಣ್ಯ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಖೋಟಾ’ ಎಂಬ ಪದವನ್ನು ತನ್ನ ಕಾಲದಲ್ಲಿ ಹಣವಾಗಿ ಚಲಾಯಿಸಲೆಂದೇ ಮಾಡಿದ ಇಂತಹ ನಾಣ್ಯಗಳಿಗೆ ಮಾತ್ರ ಮೀಸಲಿಡುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಎರಡನೆಯದು ನಮ್ಮ ನೆಲಕ್ಕೇ ಸೇರಿದ್ದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಯಸ್‌ಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂತಹ ರೋಮನ್ ನಾಣ್ಯಗಳ ಒಂದು ನಿಧಿಯೇ ಸಿಕ್ಕಿತು. ಇಂತಹ ಅಸಲಿ ನಾಣ್ಯಗಳನ್ನು ನೋಡಿ ಇಲ್ಲಿಯ ಕುಶಲಕರ್ಮಿಗಳು ಚಿನ್ನದಲ್ಲೂ ಸುಟ್ಟಮಣ್ಣಿನಲ್ಲೂ ತಾವೇ ಮಾಡಿಕೊಂಡವೂ ಇವೆ. ಚಕ್ರವರ್ತಿಯ ಮುಖ ಅಲ್ಲಿಯದು, ಕೈ ಇಲ್ಲಿಯದು. ಲ್ಯಾಟಿನ್ ಬಾರದ ಕುಶಲಕರ್ಮಿ ಅಕ್ಷರಗಳ ಜಾಗದಲ್ಲಿ ಬರಿಯ ಗೀಟುಗಳನ್ನು ಎಳೆದಿರುತ್ತಾನೆ. ಕೊರಳಿಗೆ ಕಟ್ಟಿಕೊಳ್ಳಲು ಕುಣಿಕೆ ಹಾಕಿದ ಸುಟ್ಟಮಣ್ಣಿನ ಬಿಲ್ಲೆಯಿಂದ ಯಾರಿಗೂ ಮೋಸವಾಗಲಾರದು. ಇದನ್ನು ‘ಅನುಕರಣೆ’ ಎನ್ನಬೇಕೇ ಹೊರತು ಖೋಟಾ ಎನ್ನಲಾಗದು, ನಕಲಿ ಎನ್ನುವುದಂತೂ ಅನ್ಯಾಯ.

ಮೂರನೆಯದೇ ಕೊಳ್ಳುವವರ ನಿಜವಾದ ಶತ್ರು: ಸಂಗ್ರಾಹಕನನ್ನು ವಂಚಿಸಲೆಂದು ಈಚಿನ ಕಾಲದಲ್ಲಿ ಮಾಡಿದ ನಾಣ್ಯ. ಅಗ್ಗದವು ಎರಕದವು, ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಕದ ಅಚ್ಚಿನ ಎರಡು ಅರೆಗಳು ಕೂಡಿದ ಗೆರೆಯೋ ಅದನ್ನು ಅರದಿಂದ ಉಜ್ಜಿ ಅಳಿಸಿದ ಗುರುತೋ ಕಾಣುತ್ತದೆ, ಹಿನ್ನೆಲೆಯಲ್ಲಿ ಗಾಳಿಗುಳ್ಳೆಗಳ ಸಣ್ಣ ಕುಳಿಗಳಿರುತ್ತವೆ, ಅಕ್ಷರಗಳು ಕರಗಿದ ಸಾಬೂನಿನ ಹಾಗೆ ನುಣುಪಾಗಿರುತ್ತವೆ. ಅಚ್ಚು ಕೆತ್ತಿ ಹೊಡೆದವುಗಳನ್ನು ಗುರುತಿಸುವುದು ಕಷ್ಟ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಈ ಕೈಚಳಕದಲ್ಲಿ ಎಷ್ಟು ಪಳಗಿದ್ದನೆಂದರೆ, ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿಯೊಂದಿಗೆ ಪೆಟ್ಟಿಗೆಯಲ್ಲಿ ತುಂಬಿ, ಗಾಡಿಗೆ ಕಟ್ಟಿ ಓಡಿಸಿ ಸವಕಲು ಮಾಡುತ್ತಿದ್ದನೆಂಬ ಮಾತಿದೆ. ಪರೀಕ್ಷೆಗೆ ಒಂದು ಉಪಾಯವುಂಟು. ಕೈಯಿಂದ ಹೊಡೆದ ಎರಡು ನಾಣ್ಯಗಳು ಒಂದೇ ಅಚ್ಚಿನವಾಗಿರಬಹುದು, ಆದರೆ ಬಿಲ್ಲೆಯ ಆಕಾರ, ಅಂಚಿನ ಸೀಳು, ಮೇಲಿನ ಗೀರು ಇವು ಎರಡರಲ್ಲೂ ಒಂದೇ ಆಗಿರಲಾರವು. ಹಾಗೆ ಇದ್ದರೆ ಎರಡರಲ್ಲಿ ಒಂದಾದರೂ, ಬಹಳ ಸಲ ಎರಡೂ, ಇನ್ನೊಂದು ನಾಣ್ಯದಿಂದ ಅಚ್ಚೆತ್ತಿ ಮಾಡಿದವೇ.

ಇವಕ್ಕೆ ‘ನಕಲಿ’ ಸಲ್ಲುತ್ತದೆ. ಆದರೆ ವಸ್ತುಸಂಗ್ರಹಾಲಯದ ಮಳಿಗೆಯಲ್ಲಿ ಸ್ಮರಣಿಕೆಯೆಂದು ಹೇಳಿಯೇ ಮಾರುವ ‘ಪ್ರತಿಕೃತಿ’ಯೊಂದು ನಾಲ್ಕು ಕೈ ದಾಟಿದ ಮೇಲೆ, ಮಣ್ಣು ಮೆತ್ತಿಸಿಕೊಂಡು, ಅಸಲಿಯೆಂದು ಹರಾಜಿಗೆ ಬಂದರೆ ಏನೆನ್ನಬೇಕು? ವಸ್ತು ಅದೇ, ಬದಲಾದದ್ದು ಮಾರುವವನ ಮಾತು. ‘ನಕಲಿ’ ಎಂಬುದು ವಸ್ತುವಿನ ಗುಣವನ್ನು ಹೇಳುತ್ತದೆಯೋ ಮಾರುವವನ ಉದ್ದೇಶವನ್ನು ಹೇಳುತ್ತದೆಯೋ ಎಂಬುದನ್ನು ತಿಳಿದವರು ಚರ್ಚಿಸಬೇಕೆಂದು ಕೋರುತ್ತೇನೆ.

ಇನ್ನು ‘ಅಸಲಿ’ ಎಂಬುದೂ ಸಾಲದೆಂದು ತೋರಿಸುವ ಪ್ರಸಂಗವೊಂದಿದೆ. ಜೂಲಿಯಸ್ ಸೀಸರನ ಹತ್ಯೆಯ ನೆನಪಿಗೆ ಹಂತಕರಲ್ಲೊಬ್ಬನಾದ ಬ್ರೂಟಸನು ಕ್ರಿ.ಪೂ. 42ರ ಸುಮಾರಿಗೆ ಹೊಡೆಸಿದ, ಎರಡು ಕಠಾರಿಗಳ ನಡುವೆ ಟೋಪಿಯಿರುವ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು. ನಾಣ್ಯ ಅಪ್ಪಟವಾಗಿತ್ತು, ಸುಳ್ಳಾಗಿದ್ದುದು ಅದು ಯಾರ ಸಂಗ್ರಹದಿಂದ ಬಂತೆಂಬ ವಿವರ. 2023ರಲ್ಲಿ ಅಮೆರಿಕದ ಅಧಿಕಾರಿಗಳು ಅದನ್ನು ಗ್ರೀಸಿಗೆ ಮರಳಿಸಿದರು. ನಮ್ಮಲ್ಲೂ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತುವೇ; ಖಾಸಗಿಯವರು ಅದನ್ನು ದೇಶದಾಚೆಗೆ ಮಾರಿ ಕಳಿಸುವಂತಿಲ್ಲ. ವಸ್ತು ಕೈಯಿಂದ ಕೈಗೆ ಬಂದ ಈ ವಿವರಕ್ಕೆ ನಾನು ‘ಪೂರ್ವಾಪರ’ ಎಂದು ಬರೆದಿದ್ದೇನೆ. ‘ಮೂಲ’ ಎಂದರೆ ನಾಣ್ಯ ಟಂಕಿಸಿದ ಊರೆಂದೇ ಓದುಗರು ತಿಳಿದಾರು.

ಉಳಿದಿರುವುದು ‘ಕಿಲುಬು’. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚಿನ ಮೇಲೆ ಗಟ್ಟಿಯಾಗಿ ಕೂತ ಹಸಿರೋ ಕಂದೋ ಆದ ಪದರ ನಾಣ್ಯವನ್ನು ಕಾಯುತ್ತದೆ, ಬೆಲೆಯನ್ನೂ ಹೆಚ್ಚಿಸುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಲೋಹವನ್ನೇ ತಿನ್ನುವ ರೋಗ. ಎರಡನ್ನೂ ಕಿಲುಬೆಂದರೆ ಓದುಗನು ಹುಣಸೆಹಣ್ಣು ಹಚ್ಚಿ ಎರಡನ್ನೂ ತಿಕ್ಕಿಬಿಡುತ್ತಾನೆ. ಕಿಲುಬನ್ನು ರೋಗಕ್ಕೇ ಬಿಟ್ಟು ಒಳ್ಳೆಯ ಪದರಕ್ಕೆ ಬೇರೆ ಮಾತು ಬೇಕಾಗಿದೆ. ಪಂಚಲೋಹದ ಎರಕದ ಕೆಲಸ ಮಾಡುವವರಲ್ಲಿ ಅಥವಾ ಚಿನಿವಾರ ಮನೆತನಗಳಲ್ಲಿ ಇದಕ್ಕೆ ಮಾತು ಇದ್ದೀತು. ಬಲ್ಲವರು ಊರಿನ ಹೆಸರಿನೊಂದಿಗೆ, ಸಾಧ್ಯವಾದರೆ ಬಳಕೆಯ ಒಂದು ವಾಕ್ಯದೊಂದಿಗೆ ತಿಳಿಸಬೇಕಾಗಿ ವಿನಂತಿ. ‘ಕವಚ ನಾಣ್ಯ’ಕ್ಕಿಂತ ಹಳೆಯ ಪದವಿದ್ದರೆ ಅದನ್ನೂ ತಿಳಿಸಿ.