ಜೆನೆಟಿಕ್ಸ್ ಡಾಕ್ಟರಿಗೆ ಕೇಳಿ: ಚಿಕ್ಕಬಳ್ಳಾಪುರ ಗುಂಪಿನ ಪ್ರಶ್ನೋತ್ತರ

ಶಿಡ್ಲಘಟ್ಟದ ತಾಯಿ: ಮೇಡಂ, ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮಗನಿಗೆ ಎರಡು ವರ್ಷ. ತೂಕ ಏರುತ್ತಿಲ್ಲ. ಕೂದಲು, ಹುಬ್ಬು ಉದುರಿವೆ. ತೊಡೆಯ ಚರ್ಮ ಬಿಗಿಯಾಗಿದೆ, ತಲೆಯ ಮೇಲೆ ನೀಲಿ ನರ ಕಾಣುತ್ತವೆ. ದೃಷ್ಟಿ ತಾಗಿದೆ ಅಂತಾರೆ.

ಗೌರಿಬಿದನೂರು ಸದಸ್ಯೆ: ಫೋಲಿಕ್ ಆಸಿಡ್ ಯಾವಾಗ ಶುರು ಮಾಡಬೇಕು?

ಡಾಕ್ಟರ್: ಗರ್ಭ ನಿಲ್ಲುವುದಕ್ಕೆ ಮುಂಚಿನಿಂದಲೇ, ದಿನಕ್ಕೆ 400 ಮೈಕ್ರೋಗ್ರಾಂ.

ಶಿಡ್ಲಘಟ್ಟದ ಅಮ್ಮಾ, ನಿಮ್ಮದು ಓದಿ ಚಿಂತೆಯಾಯಿತು. ಮಗುವನ್ನು ನೋಡದೆ ಹೇಳಲಾರೆ, ಆದರೆ ಪ್ರೊಜೀರಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಮಕ್ಕಳಿಗೆ ಚಿಕ್ಕಂದಿನಲ್ಲೇ ಮುಪ್ಪಿನ ಲಕ್ಷಣ ಬರುವ, ತುಂಬಾ ಅಪರೂಪದ ಕಾಯಿಲೆ. ಜೀವಕೋಶದ ನಡುವಿನ ನ್ಯೂಕ್ಲಿಯಸ್ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರೊಳಗೆ ಸುಮಾರು 2 ಮೀಟರ್ ಡಿಎನ್‌ಎ ಮಡಚಿಕೊಂಡಿರುತ್ತದೆ. ಕೋಶ ಎರಡಾಗುವ ಮುಂಚೆ ಅಷ್ಟೂ ನಕಲಾಗಬೇಕು. ಬೇಸಿನ್ನಿನ ರೇಷ್ಮೆಗೂಡನ್ನೆಲ್ಲ ಒಟ್ಟಿಗೆ ಎಳೆದರೆ ನೂಲು ಕಿತ್ತು ಸಿಕ್ಕಾಗುತ್ತದೆ ಅಲ್ವಾ? ಹಾಗಾಗದಂತೆ ಇಲ್ಲೂ ಸರದಿ ಇದೆ. ನಡುವಿನ ಸಡಿಲ ಭಾಗ ಮೊದಲು, ನ್ಯೂಕ್ಲಿಯಸ್ಸಿನ ಗೋಡೆಗೆ ಅಂಟಿದ ಬಿಗಿ ಭಾಗ ಕೊನೆಗೆ. ಆ ಗೋಡೆಯ ಒಳಮೈಯಲ್ಲಿ ಲ್ಯಾಮಿನ್ ಎಂಬ ಪ್ರೋಟೀನಿನ ಬಲೆ ಇರುತ್ತದೆ. ಪ್ರೊಜೀರಿಯಾದಲ್ಲಿ ಜೀನಿನ ಒಂದೇ ಅಕ್ಷರ ಬದಲಾಗಿ ಲ್ಯಾಮಿನ್ ಕೆಡುತ್ತದೆ. ಗೋಡೆ ಸುಕ್ಕಾಗುತ್ತದೆ, ನಕಲು ಅರ್ಧಕ್ಕೆ ನಿಂತು ಡಿಎನ್‌ಎ ತುಂಡಾಗುತ್ತದೆ. ಕಾರಣ ಸಿಕ್ಕಿದ್ದು 2003ರಲ್ಲಿ. ರಕ್ತದಲ್ಲಿ ಎಲ್‌ಎಂಎನ್‌ಎ, ಅಂದರೆ ಆ ಲ್ಯಾಮಿನ್ ಜೀನಿನ ಪರೀಕ್ಷೆ ಮಾಡುತ್ತಾರೆ. ತಡ ಮಾಡಬೇಡಿ.

ಚಿಂತಾಮಣಿ ಸದಸ್ಯ: ಸೋದರಮಾವನನ್ನು ಮದುವೆಯಾದರೆ ಹೀಗೇ ಆಗೋದು.

ಬಾಗೇಪಲ್ಲಿ ಸದಸ್ಯೆ: ಆ ತಾಯಿ ಸೋದರಮಾವನನ್ನು ಮದುವೆಯಾದೆ ಅಂತ ಹೇಳಿದರಾ? ನಾನೂ ಮಾವನನ್ನೇ ಮದುವೆಯಾದವಳು. ಮಕ್ಕಳು ಚೆನ್ನಾಗಿದ್ದಾರೆ.

ಚಿಂತಾಮಣಿ ಸದಸ್ಯ: ನಿಮ್ಮ ಮನೆ ಕಥೆ ಯಾರು ಕೇಳಿದರು?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಈ ಬದಲಾವಣೆ ಹೆಚ್ಚಾಗಿ ಮಗುವಿನಲ್ಲೇ ಹೊಸದಾಗಿ ಆಗುತ್ತದೆ. ಸಂಬಂಧದ ಮದುವೆಗೂ ಇದಕ್ಕೂ ಲಿಂಕ್ ಇಲ್ಲ. ತಾಯಿಯ ತಪ್ಪಂತೂ ಅಲ್ಲ.



ಚಿಂತಾಮಣಿ ಸದಸ್ಯ: ಫಾರ್ವರ್ಡ್ ಬಂದಿದೆ, ನೋಡಿ. ಡಿಎನ್‌ಎ ರಿಪೇರಿಗೆ ಅಮೃತಬಳ್ಳಿ ಕಷಾಯ, 21 ದಿನ.

ಡಾಕ್ಟರ್: ಅಳಿಸಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದಲ್ಲೇ ಇವೆ. ಎರಡು ವರ್ಷದ ಮಗುವಿಗೆ ಇದನ್ನು ಕುಡಿಸಿ ಅಂತೀರಾ? ಪ್ರೊಜೀರಿಯಾಕ್ಕೆ ಲೋನಾಫಾರ್ನಿಬ್ ಅನ್ನುವ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ಪೂರ್ತಿ ಗುಣ ಮಾಡುವುದಿಲ್ಲ.

ಗೌರಿಬಿದನೂರು ಸದಸ್ಯೆ: ಫೋಲಿಕ್ ಆಸಿಡ್ ಬದಲು ನುಗ್ಗೆಸೊಪ್ಪು ಸಾಕಾ?

ಡಾಕ್ಟರ್: ಸಾಲದು. ಮೇಲೆ ಬರೆದಿದ್ದೇನೆ, ಓದಿ.

ಶಿಡ್ಲಘಟ್ಟದ ತಾಯಿ: ಎಲ್ಲಿಗೆ ಹೋಗಲಿ ಮೇಡಂ?

ಡಾಕ್ಟರ್: ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗಿ, ಜೆನೆಟಿಕ್ಸ್ ಡಾಕ್ಟರನ್ನು ಕೇಳಿ. ಹಳೆಯ ತೂಕದ ಚೀಟಿ, ಕೂದಲಿದ್ದಾಗಿನ ಫೋಟೋ ಜೊತೆಗಿರಲಿ. ಹೃದಯದ ಎಕೋ ಬಗ್ಗೆಯೂ ಕೇಳಿ.